ಕೂಟದ ಕನ್ನಡ: ಕಾಸರಗೋಡಿನ ಊರುಗಳಲ್ಲಿ ತಾಳಮದ್ದಳೆ

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿಯೆಂದು ಕರೆಯುವುದು ರೂಢಿ. ಸಭೆ ಸಮಾರಂಭಗಳಲ್ಲಿ ಈ ಮಾತು ಎಷ್ಟು ಸಲ ಬಂದುಹೋಗಿದೆಯೆಂದರೆ, ಅದರ ಅರ್ಥವೇನೆಂದು ನಿಂತು ಯೋಚಿಸುವವರು ಕಡಿಮೆ. ಏಳು ಭಾಷೆಗಳು ಒಂದೇ ನೆಲದಲ್ಲಿವೆಯೆಂದರೆ ಏಳು ಬಗೆಯ ಮನೆಗಳು ಬೇಲಿಗೆ ಬೇಲಿ ತಾಗಿಕೊಂಡಿವೆ ಎಂದರ್ಥ. ಶಿವಳ್ಳಿಯವರ, ಬಂಟರ, ಬಿಲ್ಲವರ ಮನೆಗಳಲ್ಲಿ ತುಳು, ಹವ್ಯಕರ ಮನೆಗಳಲ್ಲಿ ಹವಿಗನ್ನಡ, ತೀಯರ, ಮಣಿಯಾಣಿಗಳ ಮನೆಗಳಲ್ಲಿ ಹೆಚ್ಚಾಗಿ ಮಲಯಾಳ, ಗೌಡ ಸಾರಸ್ವತರಲ್ಲಿ ಕೊಂಕಣಿ, ಕರಾಡರಲ್ಲಿಯೂ ಮರಾಟಿ ಸಮುದಾಯದವರಲ್ಲಿಯೂ ಮರಾಠಿಯ ಬೇರೆ ಬೇರೆ ರೂಪಗಳು, ಬ್ಯಾರಿಗಳಲ್ಲಿ ಬ್ಯಾರಿ. ಒಬ್ಬನು ತನ್ನನ್ನು ತಾನು ‘ಯಾನ್’ ಎಂದು ಹೇಳಿಕೊಂಡರೆ ನೆರೆಮನೆಯವನು ‘ಆನು’ ಎನ್ನುತ್ತಾನೆ. ತೋಟದಾಚೆಯವನು ‘ಞಾನ್’ ಎಂದರೆ ಪೇಟೆಯ ಅಂಗಡಿಯವನು ‘ಹಾಂವ್’ ಎನ್ನುತ್ತಾನೆ. ಪಠ್ಯಪುಸ್ತಕದ ‘ನಾನು’ ಎಂಬ ಪದವನ್ನು ಹುಟ್ಟಿನಿಂದಲೇ ಮನೆಯಲ್ಲಿ ಕೇಳಿ ಬೆಳೆದ ಕುಟುಂಬಗಳು ಇಲ್ಲಿ ವಿರಳ.

ಹಾಗಿದ್ದೂ ಈ ನೆಲ ಕನ್ನಡಕ್ಕೆ ಕೊಟ್ಟಿರುವುದು ಅಲ್ಪವಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಪದವಿಯನ್ನಿತ್ತದ್ದು ಅವರ ಕನ್ನಡ ಕಾವ್ಯಕ್ಕಾಗಿ. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಕಾಸರಗೋಡಿನ ಕನ್ನಡದ ಅಳಲನ್ನು ನಾಡಿಗೆಲ್ಲ ಕೇಳಿಸಿದವರು ಅವರು. ಕನ್ನಡವೆಂಬುದು ಇಲ್ಲಿ ಮನೆಯಿಂದ ಹೊರಟು ಹೊಸ್ತಿಲು ದಾಟಿದ ಮೇಲೆ ಸಿಗುವ ಭಾಷೆ. ಅದು ಯಾವ ಒಂದು ಜಾತಿಯ ಸ್ವತ್ತೂ ಆಗಿರಲಿಲ್ಲವಾದ್ದರಿಂದಲೇ ಎಲ್ಲರ ನಡುವಿನ ಭಾಷೆಯಾಗಿ ನಿಂತಿತು.

ಮನೆಯಿಂದ ಹೊರಗೆ ಸಿಗುವ ಭಾಷೆಗೆ ಹೊರಗಿನ ಜಾಗಗಳು ಬೇಕು. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಕಾಸರಗೋಡು ಮದರಾಸು ಪ್ರಾಂತದಲ್ಲಿದ್ದಾಗ ಶಾಲೆ, ಕಚೇರಿ, ಜಮೀನಿನ ದಾಖಲೆಗಳು ಇಂತಹ ಜಾಗಗಳಾಗಿದ್ದವು. 1956ರ ನವೆಂಬರ್ 1ರಂದು ಇದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗವು ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ವರದಿಯಿತ್ತರೂ ಅದು ಕಾರ್ಯಗತವಾಗಲಿಲ್ಲ. ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನ ಕೊಟ್ಟ ರಕ್ಷಣೆಗಳಿವೆ, ಕನ್ನಡ ಮಾಧ್ಯಮದ ಶಾಲೆಗಳೂ ಇವೆ; ಆದರೆ ಶಾಲೆಯನ್ನು ಬಿಟ್ಟ ಬಳಿಕ ವಯಸ್ಕನೊಬ್ಬನು ಕನ್ನಡವನ್ನು ಗಂಭೀರವಾಗಿ ಆಡಬೇಕಾದ ಸಂದರ್ಭಗಳು ಒಂದೊಂದಾಗಿ ಕಡಿಮೆಯಾದವು. ಕೃಷಿ ಕಚೇರಿಯಲ್ಲಿ ಮಲಯಾಳ ಸಾಕು, ಸಂತೆಯಲ್ಲಿ ತುಳು ಸಾಕು, ಬ್ಯಾಂಕಿನಲ್ಲಿ ಇಂಗ್ಲಿಷ್ ಸಾಕು. ಮೂವತ್ತೈದು ವರ್ಷದ ಒಬ್ಬ ಅಡಿಕೆ ಬೆಳೆಗಾರನು, ಒಬ್ಬ ಜೀಪು ಚಾಲಕನು, ಒಬ್ಬ ಅಂಗಡಿಕಾರನು ಗಂಟೆಗಟ್ಟಲೆ ಶಿಷ್ಟ ಕನ್ನಡದಲ್ಲಿ ಮಾತನಾಡಲೇಬೇಕಾದ ಜಾಗ ಇನ್ನೆಲ್ಲಿ ಉಳಿದಿದೆ? ಉಳಿದಿರುವ ಒಂದು ಜಾಗ ತಾಳಮದ್ದಳೆಯ ಕೂಟ.

ಯಕ್ಷಗಾನದ ಪರಿಚಯವಿದ್ದವರಿಗೂ ತಾಳಮದ್ದಳೆಯ ರೀತಿಯನ್ನು ಕೊಂಚ ವಿವರಿಸುವುದು ಅಗತ್ಯ. ಏಕೆಂದರೆ ಇಂದಿನ ವಿದ್ಯಾರ್ಥಿಗಳಲ್ಲಿ ಆಟವನ್ನು ನೋಡಿದವರು ಬಹಳ, ಕೂಟದಲ್ಲಿ ಕೊನೆಯವರೆಗೆ ಕುಳಿತವರು ಸ್ವಲ್ಪ. ಆಟದಲ್ಲಿ ವೇಷವಿದೆ, ಕುಣಿತವಿದೆ, ರಂಗಸ್ಥಳವಿದೆ. ಕೂಟದಲ್ಲಿ ಇವು ಯಾವುವೂ ಇಲ್ಲ. ಒಂದು ದೀಪ, ಹಾಸಿದ ಚಾಪೆ, ಪ್ರಸಂಗದ ಪುಸ್ತಕ ಹಿಡಿದ ಭಾಗವತರು, ಪಕ್ಕದಲ್ಲಿ ಮದ್ದಳೆ, ಚೆಂಡೆ, ಚಕ್ರತಾಳ. ಎದುರು ಬದುರಾಗಿ ಕುಳಿತ ನಾಲ್ಕಾರು ಮಂದಿ ಅರ್ಥಧಾರಿಗಳು. ಅವರು ಉಟ್ಟಿರುವುದು ದಿನನಿತ್ಯದ ಪಂಚೆ, ಹೊದ್ದಿರುವುದು ಒಂದು ಶಾಲು. ಈಚೆಗೆ ಚಾಪೆಯ ಸ್ಥಾನಕ್ಕೆ ಕುರ್ಚಿಗಳು ಬಂದಿವೆ, ಪ್ರತಿಯೊಬ್ಬರ ಮುಂದೆಯೂ ಮೈಕು ನಿಂತಿದೆ, ಮೂಲವ್ಯವಸ್ಥೆ ಅದೇ.

ಭಾಗವತರು ಒಂದು ಪದ್ಯವನ್ನು ಹಾಡುತ್ತಾರೆ. ಅದು ಭಾಮಿನಿಯೋ ವಾರ್ಧಕವೋ ಕಂದವೋ ಆಗಿರಬಹುದು, ಝಂಪೆ, ತ್ರಿವುಡೆ, ಏಕತಾಳಗಳಲ್ಲಿ ಸಾಗುವ ಪದವಾಗಿರಬಹುದು. ಹಾಡು ನಿಂತೊಡನೆ ಆ ಪಾತ್ರವನ್ನು ವಹಿಸಿದವನು ಪದ್ಯದ ಭಾವವನ್ನು ತನ್ನ ಮಾತಿನಲ್ಲಿ ಬಿಡಿಸಿ ಹೇಳಬೇಕು. ಇದಕ್ಕೆ ಅರ್ಥ ಎಂದು ಹೆಸರು. ಹೇಳುವ ಕಲೆ ಅರ್ಥಗಾರಿಕೆ. ಪದ್ಯದಲ್ಲಿ ನಾಲ್ಕು ಸಾಲಿದ್ದರೆ ಅರ್ಥ ನಾಲ್ಕು ನಿಮಿಷವೂ ಆಗಬಹುದು, ನಲವತ್ತು ನಿಮಿಷವೂ ಆಗಬಹುದು. ಪಾತ್ರವು ಮೊದಲ ಬಾರಿಗೆ ಬಂದಾಗ ತನ್ನ ಹುಟ್ಟು, ಹಿನ್ನೆಲೆ, ಈಗಿನ ಮನಃಸ್ಥಿತಿಗಳನ್ನು ತಾನೇ ಹೇಳಿಕೊಳ್ಳುವುದು ಪೀಠಿಕೆ. ಆ ಬಳಿಕ ಎದುರಿನ ಪಾತ್ರದೊಡನೆ ಸಂವಾದ. ಈ ಸಂವಾದವನ್ನು ಯಾರೂ ಬರೆದಿಟ್ಟಿರುವುದಿಲ್ಲ. ಪದ್ಯಗಳು ಅಚ್ಚಾಗಿವೆ, ಮಾತು ಆ ಹೊತ್ತಿನಲ್ಲಿ ಹುಟ್ಟಬೇಕು. ಎದುರಿನವನು ಏನು ಕೇಳುವನೆಂದು ಗೊತ್ತಿಲ್ಲ. ಕೇಳಿದ್ದಕ್ಕೆ ಪಾತ್ರದ ಘನತೆಗೆ ಕುಂದಿಲ್ಲದಂತೆ, ಪುರಾಣಕ್ಕೆ ವಿರೋಧ ಬಾರದಂತೆ, ಕನ್ನಡ ಕೆಡದಂತೆ ಒಡನೆಯೇ ಉತ್ತರ ಹೇಳಬೇಕು. ಮಾತನ್ನು ಮುಗಿಸುವಾಗ ಮುಂದಿನ ಪದ್ಯಕ್ಕೆ ಭಾಗವತರಿಗೆ ಎಡೆಮಾಡಿಕೊಡಬೇಕು.

ಕನ್ನಡ ಕೆಡಬಾರದೆಂಬ ನಿಯಮಕ್ಕೆ ಇಲ್ಲಿ ವಿಶೇಷವಾದ ಬೆಲೆಯಿದೆ. ಅರ್ಥಗಾರಿಕೆಯಲ್ಲಿ ಇಂಗ್ಲಿಷ್ ಪದ ನುಸುಳಿದರೆ ಸಭೆ ನಕ್ಕುಬಿಡುತ್ತದೆ. ಹಾಸ್ಯದ ಪಾತ್ರವೊಂದನ್ನು ಬಿಟ್ಟರೆ ಉಳಿದವರು ಆಡುಮಾತಿಗೆ ಇಳಿಯುವಂತಿಲ್ಲ. ಹಗಲಿಡೀ ತೋಟದಲ್ಲಿ ತುಳುವಿನಲ್ಲಿ ಕೆಲಸ ಹೇಳಿದವನು, ಬಸ್ಸಿನಲ್ಲಿ ಮಲಯಾಳದಲ್ಲಿ ಟಿಕೆಟು ಕೇಳಿದವನು ರಾತ್ರಿ ಎಂಟು ಗಂಟೆಗೆ ಚಾಪೆಯ ಮೇಲೆ ಕುಳಿತೊಡನೆ ವಿಭಕ್ತಿಗಳನ್ನು ತಪ್ಪದೆ, ವಾಕ್ಯವನ್ನು ನಡುವೆ ತುಂಡು ಮಾಡದೆ ಮಾತನಾಡತೊಡಗುತ್ತಾನೆ. ‘ಯಾನ್’, ‘ಆನು’, ‘ಞಾನ್’, ‘ಹಾಂವ್’ ಎನ್ನುವವರೆಲ್ಲ ಇಲ್ಲಿ ‘ನಾನು’ ಎನ್ನುತ್ತಾರೆ. ಆ ‘ನಾನು’ ಅವರ ಪಾಲಿಗೆ ಮೊದಲು ಕೌರವನದು, ಭೀಷ್ಮನದು, ಸುಧನ್ವನದು. ಅನಂತರ ಸ್ವಲ್ಪ ಸ್ವಲ್ಪವಾಗಿ ತಮ್ಮದೂ ಆಗುತ್ತದೆ.

ಈ ಕಲೆಯ ಪ್ರಾಚೀನತೆಯ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಬಳ್ಳಾರಿ ಸೀಮೆಯ ಕುರುಗೋಡಿನಲ್ಲಿ ದೊರೆತ 1556ರ ಶಾಸನವು ತಾಳಮದ್ದಳೆಯವರಿಗೆ ಕೊಟ್ಟ ಭೂದಾನವನ್ನು ಹೇಳುತ್ತದೆಂದು ಯಕ್ಷಗಾನದ ಇತಿಹಾಸಕಾರರು ಉಲ್ಲೇಖಿಸುತ್ತಾರೆ. ಕರಾವಳಿಯ ಕಲೆಯೆಂದು ನಾವು ತಿಳಿದಿರುವುದಕ್ಕೆ ಇಷ್ಟು ಹಳೆಯ ಸಾಕ್ಷ್ಯ ಸಿಕ್ಕಿರುವುದು ಬಯಲುಸೀಮೆಯಲ್ಲಿ, ಇನ್ನೊಂದು ಗಡಿಯ ಹತ್ತಿರ. ಕಾಸರಗೋಡಿನ ಮಟ್ಟಿಗೆ ನೆನೆಯಬೇಕಾದ ಹೆಸರು ಕುಂಬಳೆಯ ಪಾರ್ತಿಸುಬ್ಬನದು. ರಾಮಾಯಣದ ಕಥೆಯನ್ನು ಪುತ್ರಕಾಮೇಷ್ಟಿಯಿಂದ ತೊಡಗಿ ಪ್ರಸಂಗಗಳಾಗಿ ಹೆಣೆದವನೆಂದು ಪ್ರಸಿದ್ಧನಾದ ಇವನ ಪದ್ಯಗಳಲ್ಲಿ ಕಣ್ವಪುರದ, ಎಂದರೆ ಕುಂಬಳೆಯ ಕಣಿಪುರದ, ಕೃಷ್ಣನ ಸ್ಮರಣೆಯಿದೆ. ಅವನ ಕಾಲ ಮತ್ತು ಕರ್ತೃತ್ವಗಳ ಬಗೆಗೆ ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟ ಮೊದಲಾದ ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆ ನಡೆದಿದೆ. ಕೇರಳದ ರಾಮನಾಟ್ಟಕ್ಕೂ ಈ ಪ್ರಸಂಗಗಳಿಗೂ ಇರುವ ಹೋಲಿಕೆಯೂ ಆ ಚರ್ಚೆಯ ಒಂದು ಭಾಗ. ತೆಂಕುತಿಟ್ಟಿನ ಚೆಂಡೆಯು ಕೇರಳದ ಚೆಂಡೆಯೇ ಆಗಿರುವುದನ್ನು ನೋಡಿದರೆ, ಗಡಿಯೆಂಬುದು ಕಲೆಗೆ ಗೋಡೆಯಾಗಿರಲಿಲ್ಲವೆಂಬುದು ಕಿವಿಗೇ ತಿಳಿಯುತ್ತದೆ. 1887ರಷ್ಟು ಹಿಂದೆಯೇ ಬಾಯಾರು ಸಂಕಯ್ಯ ಭಾಗವತರು ಪಂಚವಟಿ ಪ್ರಸಂಗವನ್ನು ತುಳುವಿಗೆ ತಂದಿದ್ದರು. ಆದರೂ ಕೂಟದ ಭಾಷೆಯಾಗಿ ಕನ್ನಡವೇ ನಿಂತದ್ದು ಬಲವಂತದಿಂದಲ್ಲ. ಬೇರೆ ಬೇರೆ ಮನೆಮಾತಿನವರು ಒಂದೇ ಚಾಪೆಯ ಮೇಲೆ ಕುಳಿತಾಗ ಯಾರಿಗೂ ಹೆಚ್ಚಿನ ಅನುಕೂಲವಾಗದ ಭಾಷೆಯೊಂದು ಬೇಕಾಗಿತ್ತು ಎಂಬುದೂ ಅದಕ್ಕೊಂದು ಕಾರಣವಾಗಿರಬಹುದು.

ಕೂಟಗಳಿಗೆ ಒಂದು ಋತುವಿದೆ. ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಂದಿಗೆ ಕೋಲ, ಜಾತ್ರೆ, ಆಟಗಳು ನಿಲ್ಲುತ್ತವೆ. ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮುಂದೆ ಮಳೆ. ಬಯಲಿನಲ್ಲಿ ರಂಗಸ್ಥಳ ಹಾಕುವಂತಿಲ್ಲ, ರಾತ್ರಿಯ ಪ್ರಯಾಣವೂ ಕಷ್ಟ. ಆಗ ದೇವಸ್ಥಾನದ ಅಂಗಣ, ಭಜನಾಮಂದಿರ, ಶಾಲೆಯ ಜಗಲಿ, ಯಾವುದಾದರೂ ಮನೆಯ ಚಾವಡಿ ಕೂಟಕ್ಕೆ ತೆರೆದುಕೊಳ್ಳುತ್ತವೆ. ಶನಿವಾರ ರಾತ್ರಿಯೋ ಭಾನುವಾರ ಮಧ್ಯಾಹ್ನವೋ ಸಂಘದವರು ಸೇರುತ್ತಾರೆ. ಇಂದು ಯಾವ ಪ್ರಸಂಗ, ಯಾರಿಗೆ ಯಾವ ಅರ್ಥ ಎಂಬುದು ಹಿಂದಿನ ವಾರವೇ ತೀರ್ಮಾನವಾಗಿರುತ್ತದೆ, ಇಲ್ಲವೆ ಬಂದವರನ್ನು ನೋಡಿ ಆಗಲೇ ತೀರ್ಮಾನವಾಗುತ್ತದೆ. ನಡುವೆ ಒಂದು ಸುತ್ತು ಕಾಫಿ ಅಥವಾ ಕಷಾಯ. ಕೇಳುಗರು ಹತ್ತು ಮಂದಿಯಿದ್ದರೂ ಕೂಟ ನಡೆಯುತ್ತದೆ, ಕೇಳುಗರಿಲ್ಲದಿದ್ದರೂ ನಡೆದದ್ದುಂಟು.

ಖರ್ಚು ಕಡಿಮೆಯೆಂಬುದು ಸಣ್ಣ ವಿಷಯವಲ್ಲ. ಬಯಲಾಟವೊಂದನ್ನು ಆಡಿಸುವುದೆಂದರೆ ಇಡೀ ಮೇಳಕ್ಕೆ ವೀಳ್ಯ, ಊಟ, ಚಪ್ಪರ, ದೀಪ. ಹಿಂದೆ ಈ ಹೊರೆಯನ್ನು ಹೊರುತ್ತಿದ್ದವರು ಗುತ್ತಿನ ಮನೆಗಳವರು, ದೊಡ್ಡ ಜಮೀನ್ದಾರರು, ಮಠ ದೇವಸ್ಥಾನಗಳು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಉಳುವವನಿಗೆ ಭೂಮಿ ದೊರೆತದ್ದು ನ್ಯಾಯವೇ. ಅದರ ಜೊತೆಗೆ ಕಲೆಯ ಹಳೆಯ ಆಶ್ರಯಸ್ಥಾನಗಳ ಆದಾಯವೂ ಕುಗ್ಗಿತು. ಈ ಕಾನೂನಿನ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರು ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು. ಹದಿಮೂರು ಮಂದಿ ನ್ಯಾಯಮೂರ್ತಿಗಳ ಪೀಠವು 1973ರ ಏಪ್ರಿಲ್ 24ರಂದು ಕೊಟ್ಟ ತೀರ್ಪಿನಲ್ಲಿ ಮಠಕ್ಕೆ ಜಮೀನು ಮರಳಿ ಬರಲಿಲ್ಲ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದೆಂಬ ತತ್ತ್ವವು ದೇಶಕ್ಕೆ ದೊರೆಯಿತು. ಕಾನೂನಿನ ವಿದ್ಯಾರ್ಥಿಗಳೆಲ್ಲರಿಗೂ ಆ ಹೆಸರು ಗೊತ್ತು. ಆ ಹೆಸರಿನ ಸ್ವಾಮಿಗಳು ಸ್ವತಃ ಜಾಗಟೆ ಹಿಡಿದು ಹಾಡುತ್ತಿದ್ದ ಭಾಗವತರಾಗಿದ್ದರು, ಯಕ್ಷಗಾನಕ್ಕೂ ತಾಳಮದ್ದಳೆಗೂ ಆಶ್ರಯ ಕೊಟ್ಟವರಾಗಿದ್ದರು ಎಂಬುದನ್ನು ಬಲ್ಲವರು ಈ ಊರುಗಳವರು ಮಾತ್ರ. ಆಶ್ರಯದಾತರ ಕೈ ಬಿಗಿಯಾದ ಕಾಲದಲ್ಲಿ, ಒಂದು ದೀಪ ಮತ್ತು ಒಂದು ಹಂಡೆ ಕಾಫಿಯಲ್ಲಿ ಮುಗಿಯುವ ಕೂಟವನ್ನು ನಡೆಸುವುದು ಊರಿನ ಸಾಮಾನ್ಯರಿಗೂ ಸಾಧ್ಯವಾಗಿತ್ತು.

ಹೊಸಬನೊಬ್ಬನು ಕೂಟಕ್ಕೆ ಸೇರುವ ಕ್ರಮವನ್ನು ಗಮನಿಸಿದರೆ ಈ ಸಂಘಗಳು ಶಾಲೆಗಳಂತೆ ಹೇಗೆ ಕೆಲಸ ಮಾಡುತ್ತವೆಂಬುದು ತಿಳಿಯುತ್ತದೆ. ಮೊದಲು ಅವನ ಕೈಗೆ ಚಕ್ರತಾಳ ಬರುತ್ತದೆ. ತಾಳ ಹಿಡಿದವನು ಹಾಡನ್ನು ಕೇಳಲೇಬೇಕು, ಅರ್ಥ ಎಲ್ಲಿ ಮುಗಿಯುವುದೆಂದು ಗಮನಿಸಲೇಬೇಕು. ಕೆಲವು ತಿಂಗಳು ಕಳೆದ ಬಳಿಕ ಒಬ್ಬ ದೂತನ, ಒಬ್ಬ ಚಾರನ ಅರ್ಥ. ನಾಲ್ಕೇ ಮಾತು: ಅಪ್ಪಣೆಯನ್ನು ಕೇಳುವುದು, ಸುದ್ದಿಯನ್ನು ಹೇಳುವುದು. ಅದನ್ನವನು ಮನೆಯಲ್ಲಿ ಬರೆದು, ಉರುಹೊಡೆದು ಬರುತ್ತಾನೆ. ಅನಂತರ ವಿದುರನಂತಹ, ತಾರೆಯಂತಹ ಪಾತ್ರ. ಇದಕ್ಕೂ ಪುಸ್ತಕವಿದೆ, ಹಿರಿಯರೊಬ್ಬರು ಬರೆದುಕೊಟ್ಟ ಅರ್ಥದ ಪುಸ್ತಕವು ಕೈಯಿಂದ ಕೈಗೆ ಹೋಗಿ ಅಂಚು ಹರಿದಿರುತ್ತದೆ. ಒಂದು ದಿನ ಎದುರಿನ ಅರ್ಥಧಾರಿ ಪುಸ್ತಕದಲ್ಲಿಲ್ಲದ ಪ್ರಶ್ನೆಯೊಂದನ್ನು ಕೇಳುತ್ತಾನೆ. ಹೊಸಬನು ತಡವರಿಸುತ್ತಾನೆ, ಬೆವರುತ್ತಾನೆ, ಭಾಗವತರು ಅವನ ಸ್ಥಿತಿಯನ್ನು ನೋಡಿ ಮುಂದಿನ ಪದ್ಯವನ್ನೆತ್ತಿ ಕಾಪಾಡುತ್ತಾರೆ. ಆ ರಾತ್ರಿ ಮನೆಗೆ ಹೋಗುವ ದಾರಿಯಲ್ಲಿ, ಕೇಳಿದ ಪ್ರಶ್ನೆಗೆ ಹೇಳಬಹುದಾಗಿದ್ದ ಹತ್ತು ಉತ್ತರಗಳು ಅವನಿಗೆ ಹೊಳೆಯುತ್ತವೆ. ಅರ್ಥಧಾರಿ ಹುಟ್ಟುವುದು ಆಗ.

ಉತ್ತರ ಬೇಕೆಂದ ಮೇಲೆ ಓದು ಬೇಕು. ಎಂಟನೆಯ ತರಗತಿಗೆ ಶಾಲೆ ಬಿಟ್ಟವರ ಮನೆಯಲ್ಲಿ ಕುಮಾರವ್ಯಾಸ ಭಾರತ, ತೊರವೆ ರಾಮಾಯಣ, ಜೈಮಿನಿ ಭಾರತಗಳು ಸಿಗುವುದಕ್ಕೆ ಇದೇ ಕಾರಣ. ಸುಧನ್ವನ ಅರ್ಥ ಹೇಳಬೇಕಾದವನು ಲಕ್ಷ್ಮೀಶನನ್ನು ನೋಡದೆ ಹೋಗಲಾರ. ಪರೀಕ್ಷೆಗಾಗಿ ಓದಿದ ಷಟ್ಪದಿಯನ್ನು ಪರೀಕ್ಷೆಯ ಮರುದಿನ ಮರೆಯುವ ವಿದ್ಯಾರ್ಥಿಗೂ, ಮುಂದಿನ ಶನಿವಾರ ಎದುರಾಳಿಗೆ ಉತ್ತರ ಹೇಳಲು ಅದೇ ಷಟ್ಪದಿಯನ್ನು ಓದುವ ಕೃಷಿಕನಿಗೂ ಇರುವ ಅಂತರವನ್ನು ಕನ್ನಡ ಅಧ್ಯಾಪಕರು ಬಲ್ಲರು. ಹಳಗನ್ನಡ, ನಡುಗನ್ನಡಗಳ ಪಾಠವು ತರಗತಿಯಲ್ಲಿ ಯಾಕೆ ಒಣಗಿದೆಯೆಂದು ಚಿಂತಿಸುವವರು ಕೂಟದತ್ತ ಒಮ್ಮೆ ನೋಡಬಹುದು.

ಇನ್ನು ಸಂವಾದದ ಸ್ವರೂಪ. ವಾಲಿವಧೆಯಲ್ಲಿ ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ನಿನಗೆ ನಾನೇನು ಅಪರಾಧ ಮಾಡಿದ್ದೆ, ಎದುರಿಗೆ ಏಕೆ ಬರಲಿಲ್ಲ, ಕಪಿಯೆಂದು ಬೇಟೆಯಾಡಿದೆಯೆಂದರೆ ಕಪಿಗೆ ಮನುಷ್ಯರ ಧರ್ಮವನ್ನು ಅನ್ವಯಿಸುವುದು ಹೇಗೆ, ಮನುಷ್ಯಧರ್ಮವೇ ಅನ್ವಯಿಸುವುದಾದರೆ ಅಡಗಿ ಹೊಡೆಯುವುದು ಹೇಗೆ? ಸಭೆಯಲ್ಲಿರುವವರೆಲ್ಲ ರಾಮನ ಭಕ್ತರೇ. ಆದರೂ ವಾಲಿಯ ಮಾತು ತೂಕವಾದಾಗ ತಲೆದೂಗುತ್ತಾರೆ. ರಾಮನ ಅರ್ಥ ಹೇಳುವವನು ದೇವರೆಂಬ ಪೀಠದಲ್ಲಿ ಕುಳಿತು ಪಾರಾಗುವಂತಿಲ್ಲ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ದಂಡನೆ ಏಕೆ, ಭರತನ ರಾಜ್ಯದ ಮೇರೆ ಎಲ್ಲಿಯವರೆಗೆ ಎಂಬುದನ್ನೆಲ್ಲ ಸಮರ್ಥಿಸಬೇಕು. ಕಥೆ ಬದಲಾಗದು: ವಾಲಿ ಸಾಯಬೇಕು. ವಾದದಲ್ಲಿ ಯಾರು ಮೇಲಾದರೆಂಬುದು ಮಾತ್ರ ಪ್ರತಿ ರಾತ್ರಿಯೂ ಹೊಸದಾಗಿ ನಿರ್ಣಯವಾಗುತ್ತದೆ. ವಾಲಿ ಸಾಯಲೊಪ್ಪದೆ ಬೆಳಗಾಯಿತೆಂಬ ತಮಾಷೆ ಕೂಟಗಳ ಸುತ್ತ ಇದ್ದೇ ಇದೆ. ಅಹಂಕಾರಕ್ಕೆ ಬಿದ್ದ ಅರ್ಥಧಾರಿಗಳು ತರ್ಕದ ಹೆಸರಿನಲ್ಲಿ ರಸವನ್ನು ಕೆಡಿಸುವುದೂ ಉಂಟು. ಅದನ್ನು ಈ ಕಲೆಯ ದೋಷವೆಂದೇ ಒಪ್ಪಬೇಕು.

ಪ್ರತಿನಾಯಕನಿಗೂ ನ್ಯಾಯ ಸಲ್ಲಬೇಕೆಂಬ ಈ ಮನೋಧರ್ಮವನ್ನು ಶಿಖರಕ್ಕೇರಿಸಿದವರು ಇದೇ ಜಿಲ್ಲೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006). ಹರಿಕಥೆಯಲ್ಲಿಯೂ ಹೆಸರು ಮಾಡಿದ್ದ ಶೇಣಿಯವರು ರಾವಣ, ವಾಲಿ, ಮಾಗಧ, ಕೌರವರಂತಹ ಪಾತ್ರಗಳಿಗೆ ಅವರವರದೇ ಆದ ತರ್ಕವನ್ನು ಕೊಟ್ಟು ನಿಲ್ಲಿಸಿದರು. ಅವರನ್ನು ಕೇಳಿದ ಒಂದು ತಲೆಮಾರಿಗೆ, ಸೋಲುವವನ ಮಾತನ್ನೂ ಪೂರ್ತಿಯಾಗಿ ಕೇಳಬೇಕೆಂಬುದು ಅಭ್ಯಾಸವಾಯಿತು.

ಕೃಷ್ಣಸಂಧಾನದ ಮಾತೂ ಹಾಗೆಯೇ. ಐದು ಊರುಗಳನ್ನಾದರೂ ಕೊಡೆಂದು ಕೃಷ್ಣ ಕೇಳುತ್ತಾನೆ. ಕೊಡಲಾರೆನೆಂದು ಕೌರವ ಹೇಳುತ್ತಾನೆ. ಪಾಲು, ಹಕ್ಕು, ಒಪ್ಪಂದ, ಅವಧಿ ಇವೆಲ್ಲ ಆಸ್ತಿಯ ತಕರಾರುಗಳಲ್ಲಿ ನುರಿತ ಹಳ್ಳಿಯ ಅರ್ಥಧಾರಿಗೆ ಪುಸ್ತಕದ ವಿಷಯಗಳಲ್ಲ. ಕೌರವನ ಅರ್ಥ ಹೇಳುತ್ತಿರುವವನಿಗೂ ಕೃಷ್ಣನ ಅರ್ಥ ಹೇಳುತ್ತಿರುವವನಿಗೂ ನಡುವೆ ನಿಜಜೀವನದಲ್ಲಿ ನೀರಿನ ಕಾಲುವೆಯ ತಗಾದೆ ಇದ್ದರೂ ಇರಬಹುದು. ಅದು ಚಾಪೆಯ ಮೇಲೆ ಬರುವಂತಿಲ್ಲ, ಆದರೆ ಅದರ ಕಾವು ಮಾತಿಗೆ ಬರುತ್ತದೆ. ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುವುದು, ಎದುರಾಳಿಯ ಮಾತನ್ನು ಮೊದಲು ಸರಿಯಾಗಿ ಹೇಳಿ ಅನಂತರ ಖಂಡಿಸುವುದು, ಸಿಟ್ಟನ್ನು ವ್ಯಾಕರಣದೊಳಗೆ ಇಟ್ಟುಕೊಳ್ಳುವುದು – ಇವನ್ನು ಊರಿನವರು ಕಲಿತದ್ದು ಇಲ್ಲಿ. ಗಡಿಯ ಜಿಲ್ಲೆಯಲ್ಲಿ ಕುಳಿತವರಿಗೆ, ಊರುಗಳನ್ನು ಕೇಳುವ ಮತ್ತು ಕೊಡದಿರುವ ಈ ಕಥೆ ಬೇರೆ ಕಡೆಯವರಿಗಿಂತ ಸ್ವಲ್ಪ ಬೇರೆಯಾಗಿ ಕೇಳಿಸುವುದೂ ಸಹಜ.

ಇಂತಹ ಕೆಲಸಕ್ಕೆ ಸಂಘಗಳು ಬೇಕಾದವು. ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಗುಡ್ಡಗಳ ನಡುವಿನ ದೇಲಂಪಾಡಿಯ ಬನಾರಿಯಲ್ಲಿ, ಮಾಸ್ತರ್ ಎಂದೇ ಹೆಸರಾಗಿದ್ದ ಕೀರಿಕ್ಕಾಡು ವಿಷ್ಣು ಭಟ್ಟರು ಕಟ್ಟಿ ಬೆಳೆಸಿದ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಕಲಾಸಂಘವು ಇದಕ್ಕೆ ಒಳ್ಳೆಯ ಉದಾಹರಣೆ. ಪೇಟೆಯಿಂದ ದೂರದ ಒಂದು ಹಳ್ಳಿಯಲ್ಲಿ ಆಸಕ್ತರನ್ನು ಕೂಡಿಸಿ ಅರ್ಥ ಹೇಳಲು ಕಲಿಸಿದ ಅಂತಹ ಗುರುಗಳ ಹೆಸರು ನಾಡಿನ ಸಾಹಿತ್ಯಚರಿತ್ರೆಗಳಲ್ಲಿ ಕಾಣಸಿಗುವುದು ಕಷ್ಟ.

ಕೂಟವು ಎಲ್ಲರನ್ನೂ ಸಮನಾಗಿ ಒಳಗೆ ಕರೆದುಕೊಂಡಿತ್ತೆಂದು ಹೇಳಿದರೆ ಅದು ಸತ್ಯವಾಗದು. ದೇವಸ್ಥಾನದ ಅಂಗಣದಲ್ಲಿ ನಡೆಯುವ ಕೂಟಕ್ಕೆ, ಆ ಅಂಗಣವನ್ನೇ ಪ್ರವೇಶಿಸಲಾಗದವರು ಹಿಂದೆ ಹೇಗೆ ಬಂದಾರು? ಸ್ತ್ರೀಯರು ಬಹಳ ಕಾಲ ಕೇಳುಗರಾಗಿಯೇ ಉಳಿದರು; ದ್ರೌಪದಿಯ ಅರ್ಥವನ್ನೂ ದಾಕ್ಷಾಯಿಣಿಯ ಅರ್ಥವನ್ನೂ ಗಂಡಸರೇ ಹೇಳಿದರು. ಮಹಿಳೆಯರದೇ ತಾಳಮದ್ದಳೆ ತಂಡಗಳು ಹುಟ್ಟಿಕೊಂಡದ್ದು ಈಚಿನ ದಶಕಗಳಲ್ಲಿ. ಅಂಬೆಯು ಭೀಷ್ಮನನ್ನು ಪ್ರಶ್ನಿಸುವ ಸಂದರ್ಭದಲ್ಲಿ ಆ ಪ್ರಶ್ನೆ ಹೆಣ್ಣಿನ ದನಿಯಲ್ಲಿ ಬಂದಾಗ, ನೂರು ಬಾರಿ ಕೇಳಿದ ಪದ್ಯವೂ ಹೊಸದೆನಿಸುತ್ತದೆ. ಧರ್ಮದ ಗೆರೆಯನ್ನು ದಾಟಿ ಬಂದವರೂ ಇದ್ದಾರೆ. ನೆರೆಯ ಸಂಪಾಜೆಯ ಜಬ್ಬಾರ್ ಸಮೋ ಅವರು ಇಂದಿನ ಹೆಸರಾಂತ ಅರ್ಥಧಾರಿಗಳಲ್ಲೊಬ್ಬರು. ಮಾತು ಬಲ್ಲವನಿಗೆ ಚಾಪೆಯಲ್ಲಿ ಜಾಗವಿದೆಯೆಂಬ ತತ್ತ್ವ ಕೂಟದೊಳಗೇ ಇತ್ತು. ಅದು ಆಚರಣೆಗೆ ಬರಲು ಕಾಲ ಹಿಡಿಯಿತು.

ಈಗಿನ ಪರಿಸ್ಥಿತಿ ವಿಚಿತ್ರವಾಗಿದೆ. ಮೇಲುನೋಟಕ್ಕೆ ತಾಳಮದ್ದಳೆ ಹಿಂದೆಂದಿಗಿಂತಲೂ ವಿಜೃಂಭಣೆಯಿಂದಿದೆ. ಸಭಾಭವನಗಳಲ್ಲಿ ಸಪ್ತಾಹಗಳು ನಡೆಯುತ್ತವೆ. ಪ್ರಸಿದ್ಧ ಅರ್ಥಧಾರಿಗಳು ಒಂದೇ ದಿನ ಎರಡು ಕಡೆ ಓಡಾಡುತ್ತಾರೆ. ಯೂಟ್ಯೂಬಿನಲ್ಲಿ ಹಳೆಯ ಹೊಸ ಕೂಟಗಳ ಧ್ವನಿಮುದ್ರಿಕೆಗಳು ಬೇಕಾದಷ್ಟಿವೆ. ಕೊಲ್ಲಿ ರಾಷ್ಟ್ರಗಳಲ್ಲಿರುವವರೂ ಬೆಂಗಳೂರಿನಲ್ಲಿರುವವರೂ ಅವನ್ನು ಕೇಳುತ್ತಾರೆ. ಕೇಳುಗರಿಗೆ ಕೊರತೆಯಿಲ್ಲ. ಕೊರತೆಯಾಗುತ್ತಿರುವುದು ಸಾಧಾರಣ ಅರ್ಥಧಾರಿಗೆ. ಅತಿಥಿ ಕಲಾವಿದರು ಬಂದಾಗ ಊರಿನ ಸಂಘದವನು ಚಾಪೆ ಬಿಟ್ಟು ಕೆಳಗೆ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾನೆ. ಅಂತಹ ಮಾತನ್ನು ಕೇಳಿದ ಮೇಲೆ ತನ್ನ ಮಾತಿನ ಬಗೆಗೆ ಅವನಿಗೇ ನಾಚಿಕೆಯಾಗುತ್ತದೆ. ಮುಂದಿನ ವಾರ ಅವನು ಬರುವುದಿಲ್ಲ. ವಾರದ ಕೂಟ ಹದಿನೈದು ದಿನಗಳಿಗೊಮ್ಮೆಯಾಗಿ, ತಿಂಗಳಿಗೊಮ್ಮೆಯಾಗಿ, ವರ್ಷಕ್ಕೊಮ್ಮೆ ವಾರ್ಷಿಕೋತ್ಸವದ ದಿನಕ್ಕೆ ನಿಲ್ಲುತ್ತದೆ; ಅಂದು ಅರ್ಥ ಹೇಳುವವರು ಹೊರಗಿನಿಂದ ಬಂದವರು.

ಕಲೆಯ ದೃಷ್ಟಿಯಿಂದ ನೋಡಿದರೆ ಇದರಲ್ಲಿ ನಷ್ಟವಿಲ್ಲ; ಗುಣಮಟ್ಟ ಏರಿದೆಯೆಂದೇ ಹೇಳಬಹುದು. ಊರಿನ ದೃಷ್ಟಿಯಿಂದ ನೋಡಿದರೆ ನಷ್ಟ ದೊಡ್ಡದು. ಹತ್ತು ಮಂದಿ ಶ್ರೇಷ್ಠರು ಮಾತನಾಡಿ ಹತ್ತು ಸಾವಿರ ಮಂದಿ ಕೇಳುವುದರಿಂದ ಭಾಷೆ ಕೇಳುಗರಲ್ಲಿ ಉಳಿಯುತ್ತದೆ, ನಾಲಗೆಯಲ್ಲಿ ಉಳಿಯುವುದಿಲ್ಲ. ಕಾಸರಗೋಡಿಗೆ ಇದುವರೆಗೆ ಕನ್ನಡವನ್ನು ಉಳಿಸಿಕೊಟ್ಟದ್ದರಲ್ಲಿ ಶೇಣಿಯವರಂತಹ ಮಹನೀಯರ ಪಾಲೆಷ್ಟೋ, ಅವರನ್ನು ಅನುಕರಿಸಲು ಹೋಗಿ ಎಡವಿದ ನೂರಾರು ಅನಾಮಧೇಯರ ಪಾಲೂ ಅಷ್ಟೇ ಇದೆ.

ಇದರ ಇನ್ನೊಂದು ಮುಖ ಶಾಲಾ ಕಲೋತ್ಸವ. ಕೇರಳದ ರಾಜ್ಯಮಟ್ಟದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವು ಸ್ಪರ್ಧೆಯ ಒಂದು ವಿಭಾಗವಾಗಿದೆ. ಕನ್ನಡ ಕವಿತಾವಾಚನ, ಕನ್ನಡ ಭಾಷಣಗಳೂ ಇವೆ. ಕನ್ನಡದ ಗಂಧವಿಲ್ಲದ ದಕ್ಷಿಣದ ಜಿಲ್ಲೆಗಳ ಮಕ್ಕಳೂ ಕಾಸರಗೋಡಿನ ಗುರುಗಳಿಂದ ಕಲಿತು ರಾಮ, ರಾವಣ, ಹನುಮಂತರಾಗಿ ಕುಣಿದು ಕನ್ನಡ ಮಾತನಾಡುತ್ತಾರೆ. ಒಂದು ರಾಜ್ಯವು ತನ್ನ ಅಲ್ಪಸಂಖ್ಯಾತ ಭಾಷೆಯ ಕಲೆಯನ್ನು ಎಲ್ಲ ಮಕ್ಕಳ ಮುಂದೆ ಇಟ್ಟಿರುವುದು ಸಂತೋಷದ ಸಂಗತಿ. ಗಡಿಯ ಈಚೆಗೆ ನಿಂತು ದೂರುವುದನ್ನಷ್ಟೇ ರೂಢಿಮಾಡಿಕೊಂಡವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕನ್ನಡ ಅಕ್ಷರ ಬಾರದ ಮಕ್ಕಳು ಮಾತುಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಕಲಿಯುತ್ತಾರೆ. ಆಟಕ್ಕೆ ಅದು ಸಾಕು, ಏಕೆಂದರೆ ಸ್ಪರ್ಧೆಯ ಆಟದಲ್ಲಿ ಮಾತು ಮೊದಲೇ ನಿಶ್ಚಯವಾಗಿರುತ್ತದೆ. ಕೂಟಕ್ಕೆ ಅದು ಸಾಲದು. ಎರಡನೆಯ ಪ್ರಶ್ನೆ ಬಂದಾಗ ಯಾವ ಲಿಪಿಯ ಪುಸ್ತಕವೂ ನೆರವಿಗೆ ಬಾರದು.

ಕಾಲೇಜುಗಳ ಕನ್ನಡ ವಿಭಾಗಗಳಿಗೆ ಇಲ್ಲಿ ಮಾಡಬಹುದಾದ ಕೆಲಸವಿದೆ. ಪ್ರಸಿದ್ಧರನ್ನು ಕರೆಸಿ ವರ್ಷಕ್ಕೊಂದು ತಾಳಮದ್ದಳೆಯನ್ನು ಏರ್ಪಡಿಸುವುದು ಸುಲಭ, ಮತ್ತು ಅದು ನಡೆಯುತ್ತಲೇ ಇದೆ. ವಿದ್ಯಾರ್ಥಿಗಳೇ ಅರ್ಥ ಹೇಳುವ ಸಣ್ಣ ಕೂಟವೊಂದನ್ನು ತಿಂಗಳಿಗೊಮ್ಮೆ ನಡೆಸುವುದು ಕಷ್ಟ, ಆದರೆ ಅಸಾಧ್ಯವಲ್ಲ. ಒಬ್ಬ ಭಾಗವತರು, ಒಬ್ಬ ಮದ್ದಳೆಗಾರರು ಸುತ್ತಲಿನ ಊರಿನಲ್ಲಿ ಸಿಗುತ್ತಾರೆ. ಪ್ರಸಂಗವನ್ನು ಇಡಿಯಾಗಿ ತೆಗೆದುಕೊಳ್ಳಬೇಕೆಂದಿಲ್ಲ. ಅಂಗದಸಂಧಾನದಲ್ಲಿ ರಾವಣ, ಅಂಗದರ ಸಂವಾದದ ಭಾಗವೊಂದೇ ಎರಡು ಗಂಟೆಗೆ ಸಾಕು: ಪದ್ಯಗಳು ಹತ್ತು ಹನ್ನೆರಡು, ಪಾತ್ರಗಳು ಎರಡು, ಪ್ರಹಸ್ತನೊಬ್ಬನನ್ನು ಸೇರಿಸಿದರೆ ಮೂರು. ಅಂಗದ ಚಿಕ್ಕವನು, ರಾಯಭಾರಕ್ಕೆ ಹೊಸಬ. ತಡವರಿಸಿದರೂ ಪಾತ್ರಕ್ಕೆ ಒಪ್ಪುತ್ತದೆ. ಮನೆಯಲ್ಲಿ ಮಲಯಾಳ ಮಾತನಾಡುವ ವಿದ್ಯಾರ್ಥಿನಿಗೆ ಅಂಗದನ ಅರ್ಥ ಕೊಟ್ಟು, ತುಳುವಿನ ವಿದ್ಯಾರ್ಥಿಯನ್ನು ಲಂಕೆಯ ಸಿಂಹಾಸನದಲ್ಲಿ ಕುಳ್ಳಿರಿಸಬಹುದು. ಪತ್ತನಾಜೆ ಕಳೆದು ಜೂನ್ ತಿಂಗಳಲ್ಲಿ ತರಗತಿಗಳು ಆರಂಭವಾಗುವ ಹೊತ್ತಿಗೆ ಮೇಳದ ಕಲಾವಿದರಿಗೂ ಬಿಡುವಿರುತ್ತದೆ, ಹೊರಗೆ ಮಳೆಯಿರುವುದರಿಂದ ಆಟದ ಬಯಲಿಗೆ ಓಡುವವರೂ ಕಡಿಮೆ.